ರೂಟರ್ ಡಬ್ಬಿಯ ಮೇಲೆ ಅದರ ಆಯಸ್ಸನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಚಾವಣಿ ಫ್ಯಾನಿಗೆ 2023ರ ಜನವರಿಯಿಂದ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಅದು ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನು ಗ್ರಾಹಕ ಅಂಗಡಿಯಲ್ಲಿ ನಿಂತೇ ತಿಳಿಯಬಹುದು. ಆದರೆ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುವ, ವರ್ಷವಿಡೀ ಹಗಲು ರಾತ್ರಿ ಚಾಲೂ ಇರುವ ವೈಫೈ ರೂಟರ್ ಎಷ್ಟು ಕಾಲ ಬಾಳೀತು ಎಂದು ಅಂದಾಜು ಮಾಡಲು ನೆರವಾಗುವ ಮಾತು ಅದರ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಮಕ್ಕಳ ಪಾಠ, ಮನೆಯಿಂದ ಮಾಡುವ ಕೆಲಸ, ಬ್ಯಾಂಕ್ ವ್ಯವಹಾರ, ಟಿ.ವಿ., ಈಚೆಗೆ ಬಾಗಿಲ ಕ್ಯಾಮೆರಾ ಕೂಡ ಆ ಪುಟ್ಟ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿರುವಾಗ, ‘ಅಗ್ಗದ ಮಾಲು, ಬಾಳಿಕೆ ಇಷ್ಟೇ’ ಎಂದು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಅಗ್ಗದ ರೂಟರ್ ಕೈಕೊಡುವುದಕ್ಕೆ ಇರುವ ಕಾರಣಗಳು ಕೆಲವೇ, ತಯಾರಕರಿಗೆ ಅವು ಚೆನ್ನಾಗಿಯೇ ಗೊತ್ತು. ಕೊಳ್ಳುವವರಿಗೂ ಅವು ಗೊತ್ತಾಗುವಂತೆ ಮುದ್ರಿಸಬೇಕೆಂಬುದು ಈ ಪತ್ರದ ಕೋರಿಕೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನನ್ನ ಬಳಿಗೆ ನೆರೆಹೊರೆಯವರು ‘ಕೆಟ್ಟುಹೋದ’ ರೂಟರ್‌ಗಳನ್ನು ತರುವುದುಂಟು. ಅವುಗಳಲ್ಲಿ ಹಲವಕ್ಕೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಜೊತೆಗೆ ಬಂದ ಅಡಾಪ್ಟರ್. ಲಕ್ಷಣವೂ ಒಂದೇ ಬಗೆಯದು. ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕುಳಿತಾಗ ದೀಪಗಳೆಲ್ಲ ಒಮ್ಮೆಲೇ ಆರಿ ಮತ್ತೆ ಹತ್ತಿಕೊಳ್ಳುತ್ತವೆ, ಒಂದೆರಡು ನಿಮಿಷ ನೆಟ್ ಇರುವುದಿಲ್ಲ. ಅಡಾಪ್ಟರನ್ನು ಬಿಡಿಯಾಗಿ ಮಲ್ಟಿಮೀಟರಿಗೆ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಹೀಗಾಗಿ ರಿಪೇರಿಯವರೂ ‘ಅಡಾಪ್ಟರ್ ಓಕೆ, ರೂಟರ್ ಹೋಗಿದೆ’ ಎಂದು ಹೇಳಿ ಕಳುಹಿಸುತ್ತಾರೆ. ರೂಟರ್ ಜೋಡಿಸಿ, ಅದು ಪೂರ್ತಿ ದುಡಿಯುತ್ತಿರುವಾಗ ಅಳೆದರೆ ಮಾತ್ರ ವೋಲ್ಟೇಜ್ ಕುಸಿಯುವುದು ಕಾಣುತ್ತದೆ. ಬಿಚ್ಚಿದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ವೋಲ್ಟೇಜನ್ನು ಸಮವಾಗಿಡುವ ಪುಟ್ಟ ಬಿಡಿಭಾಗದ) ತಲೆ ಉಬ್ಬಿರುತ್ತದೆ, ಕೆಲವೊಮ್ಮೆ ಬುಡದಲ್ಲಿ ಕಂದು ಜಿಗುಟು ಸೋರಿ ಒಣಗಿರುತ್ತದೆ.

ಇದರ ಹಿಂದಿರುವುದು ಪಠ್ಯಪುಸ್ತಕದ ಲೆಕ್ಕ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸನ್ನು ತಯಾರಕರು ಒಂದು ಉಷ್ಣಾಂಶಕ್ಕೆ ಇಷ್ಟು ಗಂಟೆ ಎಂದು ಸೂಚಿಸುತ್ತಾರೆ; ಉಷ್ಣಾಂಶ ಪ್ರತಿ 10 ಡಿಗ್ರಿ ಇಳಿದರೆ ಆಯಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ, ಏರಿದರೆ ಅರ್ಧವಾಗುತ್ತದೆ. 105 ಡಿಗ್ರಿಯಲ್ಲಿ 1,000 ಗಂಟೆ ಎಂದು ಸೂಚಿಸಿದ ಸಾಧಾರಣ ಕೆಪಾಸಿಟರ್ 55 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೂ ಹೆಚ್ಚು ಬಾಳಬಹುದು. ಅದೇ 65 ಡಿಗ್ರಿಯಲ್ಲಿ 16,000 ಗಂಟೆ ಮಾತ್ರ, ಎಂದರೆ ಎರಡು ವರ್ಷವೂ ತುಂಬುವುದಿಲ್ಲ. ಕಿಂಡಿಯಿಲ್ಲದ ಪ್ಲಾಸ್ಟಿಕ್ ಕವಚದೊಳಗೆ ಈ ಹತ್ತು ಡಿಗ್ರಿಯ ವ್ಯತ್ಯಾಸ ದೊಡ್ಡ ಸಂಗತಿಯೇನಲ್ಲ: ರೂಟರನ್ನೂ ಅಡಾಪ್ಟರನ್ನೂ ಟಿ.ವಿ.ಯ ಹಿಂದೆ ಸೆಟ್‌ಟಾಪ್ ಬಾಕ್ಸ್ ಮೇಲೆ ಒಟ್ಟಿದರೆ ಅಷ್ಟು ಏರಿಬಿಡುತ್ತದೆ. ಇಂಥ ಬಹುತೇಕ ರೂಟರ್‌ಗಳ ತಾಂತ್ರಿಕ ವಿವರಗಳಲ್ಲಿ ‘ಕಾರ್ಯನಿರ್ವಹಣಾ ಉಷ್ಣಾಂಶ 0ರಿಂದ 40 ಡಿಗ್ರಿ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿಗಳ ಏಪ್ರಿಲ್–ಮೇ ತಿಂಗಳನ್ನು ಕಂಡವರಿಗೆ ಆ 40 ಎಂಬ ಅಂಕಿ ಓದಿ ನಗು ಬಂದೀತು. ನಮ್ಮ ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ಮಿತಿ ದಾಟುವುದು ವಿಶೇಷವೇ ಅಲ್ಲ. ತಯಾರಕರು ತಾವೇ ಹಾಕಿಕೊಂಡ ಮಿತಿಯ ಆಚೆ ಬಳಕೆಯಾಗುವುದು ಖಚಿತವಿರುವ ಊರುಗಳಲ್ಲಿ ಮಾಲು ಮಾರುವಾಗ, ಆ ಮಿತಿಯನ್ನು ಡಬ್ಬಿಯ ಮುಖದ ಮೇಲೆ ಹೇಳಬೇಕಾದುದು ಕನಿಷ್ಠ ಸೌಜನ್ಯ.

ಅಡಾಪ್ಟರ್ ಬಿಡಿಯಾಗಿ ಸಿಗುವುದೂ ಕಷ್ಟ. ಕೆಲವು ಮಾದರಿಗಳಿಗೆ 9 ವೋಲ್ಟ್, ಇನ್ನು ಕೆಲವಕ್ಕೆ 12 ವೋಲ್ಟ್ ಬೇಕು. ಪಿನ್ ಮಾತ್ರ ಎರಡಕ್ಕೂ ಒಂದೇ ಅಳತೆಯದ್ದಾಗಿರುವುದುಂಟು. ತಂತಿಯ ತುದಿ ಹೊಂದಿತೆಂದು ಮನೆಯಲ್ಲಿ ಬಿದ್ದಿದ್ದ ಬೇರೊಂದು ಅಡಾಪ್ಟರ್ ಚುಚ್ಚಿ, ಚೆನ್ನಾಗಿದ್ದ ರೂಟರನ್ನೂ ಸುಟ್ಟುಕೊಂಡವರನ್ನು ನೋಡಿದ್ದೇನೆ. ಮಾಹಿತಿ ತಂತ್ರಜ್ಞಾನ ಉಪಕರಣಗಳ ಅಡಾಪ್ಟರ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ, ನಿಜ. ಆದರೆ ಅದು ಮುಖ್ಯವಾಗಿ ನೋಡುವುದು ಶಾಕ್ ಹೊಡೆಯದಂತೆ, ಬೆಂಕಿ ಹತ್ತದಂತೆ ಇರುವ ಸುರಕ್ಷತೆಯನ್ನು. ಎಷ್ಟು ವರ್ಷ ಬಾಳುತ್ತದೆ ಎಂಬುದು ಅದರ ವಿಷಯವಲ್ಲ. (ಮಲೆನಾಡಿನವರ ಗೋಳು ಬೇರೆ. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಮುಂಗಾರುಪೂರ್ವ ಗುಡುಗುಸಿಡಿಲಿಗೆ ಮೋಡೆಮ್‌ಗಳು ಸಾಲುಸಾಲಾಗಿ ಬಲಿಯಾಗುತ್ತಿದ್ದವು. ಫೈಬರ್ ಬಂದ ಮೇಲೆ ಆ ದಾರಿ ಮುಚ್ಚಿದೆ, ಕರೆಂಟಿನ ದಾರಿ ಇನ್ನೂ ತೆರೆದೇ ಇದೆ.)

ಇನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವ ವೇಗದ ಮಾತು. ‘ಎಸಿ 1200’ ಎಂಬ ಮಾದರಿ ಹೆಸರಿನ 1200 ಎಂಬುದು, ವೈಫೈ ಬಳಸುವ ಎರಡು ರೇಡಿಯೋ ತರಂಗಪಟ್ಟಿಗಳ ವೇಗವನ್ನು, ಅಂದರೆ 2.4 ಗಿಗಾಹರ್ಟ್ಸ್ ಪಟ್ಟಿಯ ಸೆಕೆಂಡಿಗೆ 300 ಮತ್ತು 5 ಗಿಗಾಹರ್ಟ್ಸ್ ಪಟ್ಟಿಯ 867 ಮೆಗಾಬಿಟ್‌ಗಳನ್ನು ಕೂಡಿಸಿ, ಮೇಲಕ್ಕೆ ಸರಿಹೊಂದಿಸಿ ಬರೆದ ಸಂಖ್ಯೆ. ಒಂದು ಮೊಬೈಲ್ ಸಾಮಾನ್ಯವಾಗಿ ಎರಡರಲ್ಲಿ ಒಂದು ಪಟ್ಟಿಯನ್ನು ಮಾತ್ರ ಹಿಡಿದಿರುವುದರಿಂದ ಆ ಮೊತ್ತ ಯಾರ ಕೈಗೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತಕರಾರು ಹಿಂಬದಿಯಲ್ಲಿದೆ: ಅಗ್ಗದ ಎಸಿ 1200 ರೂಟರ್‌ಗಳಲ್ಲಿ ಹಲವಕ್ಕೆ ಹೊರಗಿನ ಸಂಪರ್ಕ ಬಂದು ಸೇರುವ ಕೇಬಲ್ ಪೋರ್ಟ್ 100 ಮೆಗಾಬಿಟ್‌ನದು. 200 ಮೆಗಾಬಿಟ್ ಪ್ಲಾನಿಗೆ ತಿಂಗಳು ತಿಂಗಳು ಹಣ ಕಟ್ಟುವ ಕುಟುಂಬಕ್ಕೆ ಆ ರೂಟರ್ ಮೂಲಕ ನೂರರ ಗಡಿ ದಾಟಲು ಸಾಧ್ಯವೇ ಇಲ್ಲ. ಅವರು ಸೇವೆ ಕೊಡುವವರಿಗೆ ದೂರು ಕೊಡುತ್ತಾರೆ, ಅಲ್ಲಿಂದ ‘ನಮ್ಮ ಕಡೆ ಸರಿಯಿದೆ’ ಎಂಬ ಉತ್ತರ ಬರುತ್ತದೆ. ವಿಚಿತ್ರವೆಂದರೆ ಇಬ್ಬರ ಮಾತೂ ನಿಜ. ಪೋರ್ಟಿನ ಮಿತಿ ಕಂಪನಿಯ ಜಾಲತಾಣದ ವಿವರಪಟ್ಟಿಯಲ್ಲಿ ‘10/100’ ಎಂಬ ರೂಪದಲ್ಲಿ ಇರುತ್ತದೆಯಾದರೂ, ಅದನ್ನು ಹುಡುಕಿ ಓದಿ ಅರ್ಥಮಾಡಿಕೊಳ್ಳಬೇಕೆಂದು ತರಕಾರಿ ಅಂಗಡಿಯಾತನಿಂದಲೋ ಅಂಗನವಾಡಿ ಕಾರ್ಯಕರ್ತೆಯಿಂದಲೋ ನಿರೀಕ್ಷಿಸುವುದು ನ್ಯಾಯವಲ್ಲ.

ಎಲ್ಲ ತೊಂದರೆಗೂ ರೂಟರನ್ನೇ ದೂರುವುದೂ ತಪ್ಪು. ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ನಿಲ್ಲಬಲ್ಲ ಚಾನೆಲ್‌ಗಳು (ಪಟ್ಟಿಯೊಳಗಿನ ದಾರಿಗಳು) 1, 6, 11 ಎಂಬ ಮೂರೇ. ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರೂ ಅವನ್ನೇ ಹಂಚಿಕೊಂಡಾಗ ದುಬಾರಿ ರೂಟರ್ ಕೂಡ ಏದುಸಿರು ಬಿಡುತ್ತದೆ.

ಕಣ್ಣಿಗೆ ಕಾಣದ, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದ ದೋಷ ತಂತ್ರಾಂಶದ್ದು. 2016ರ ಅಕ್ಟೋಬರ್‌ನಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನು ಸೆರೆಹಿಡಿದು, ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳೇ ಗಂಟೆಗಟ್ಟಲೆ ಸಿಗದಂತೆ ಮಾಡಿತು. ಮರುವರ್ಷ ಜುಲೈನಲ್ಲಿ ಸರದಿ ನಮ್ಮದಾಯಿತು: ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ದಾಳಿಯಾಗಿ, ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ತಯಾರಕರು ತಂತ್ರಾಂಶದ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಹಳೆಯ ರೂಟರ್‌ಗಳಿಗೆ ನುಗ್ಗಿದ ದುಷ್ಕರ್ಮಿಗಳು ಅವುಗಳನ್ನು ತಮ್ಮ ಗುರುತು ಮರೆಸುವ ಮರೆಯಾಗಿ ಬಳಸುತ್ತಿದ್ದಾರೆ ಎಂದು ಎಚ್ಚರಿಸಿತು. ಇಂಥ ರೂಟರ್ ಇರುವ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ದೀಪ ಹತ್ತಿರುತ್ತದೆ, ಯೂಟ್ಯೂಬ್ ಓಡುತ್ತಿರುತ್ತದೆ. ಅಗ್ಗದ ಮಾದರಿಗಳಲ್ಲಿ ಸಂಗ್ರಹಕ್ಕೂ ಕೆಲಸಕ್ಕೂ ಇಟ್ಟಿರುವ ಮೆಮೊರಿ ತೀರಾ ಕಡಿಮೆ. 4 ಮೆಗಾಬೈಟ್ ಫ್ಲ್ಯಾಶ್, 32 ಮೆಗಾಬೈಟ್ ರ‍್ಯಾಮ್ ಇರುವ ಸಾಧನಗಳಲ್ಲಿ ತನ್ನ ಹೊಸ ಆವೃತ್ತಿಗಳನ್ನು ಕೂರಿಸುವುದು ಆಗದ ಮಾತೆಂದು, ಹಳೆಯ ರೂಟರ್‌ಗಳಿಗೆ ಮರುಜೀವ ಕೊಡುತ್ತಿದ್ದ ಮುಕ್ತ ತಂತ್ರಾಂಶ ‘ಓಪನ್‌ಡಬ್ಲ್ಯುಆರ್‌ಟಿ’ ಕೂಡ ಕೈಬಿಟ್ಟಿದೆ.

ಇದಕ್ಕೆ ಪರಿಹಾರವಾಗಿ ಬೇರೆ ದೇಶಗಳು ಮಾಡಿದ್ದು ಅಸಾಧ್ಯವಾದದ್ದೇನಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಊಹಿಸಬಹುದಾದ ಒಂದೇ ಪಾಸ್‌ವರ್ಡಿನೊಂದಿಗೆ ಇಂಥ ಸಾಧನ ಮಾರುವಂತಿಲ್ಲ. ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಸಿಂಗಪುರ 2021ರಿಂದಲೇ ವೈಫೈ ರೂಟರ್‌ಗಳಿಗೆ ಸೈಬರ್ ಭದ್ರತೆಯ ಮೊದಲ ಹಂತದ ಮಾನದಂಡವನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅಧೀನದ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇದ್ದು, ವೈಫೈ ಸಾಧನಗಳಿಗೂ ಭದ್ರತಾ ಅಗತ್ಯಗಳನ್ನು ರೂಪಿಸಿದೆ. ಆ ಪರೀಕ್ಷೆಯ ಫಲ ಗ್ರಾಹಕನ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ ಎಂಬುದಷ್ಟೇ ನನ್ನ ದೂರು. 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಬೆಲೆ, ತಯಾರಕರ ವಿಳಾಸ, ತಯಾರಾದ ತಿಂಗಳು–ವರ್ಷ ಇರುವುದು ಈಗಾಗಲೇ ಕಡ್ಡಾಯ. ಅದೇ ಚೌಕದಲ್ಲಿ ಭದ್ರತಾ ಅಪ್‌ಡೇಟ್ ಸಿಗುವ ಕೊನೆಯ ತಿಂಗಳು, ಕೇಬಲ್ ಪೋರ್ಟಿನ ನಿಜವಾದ ವೇಗ, ತಾಳಿಕೊಳ್ಳುವ ಗರಿಷ್ಠ ಉಷ್ಣಾಂಶ, ಅಡಾಪ್ಟರಿನ ವೋಲ್ಟೇಜ್ ಇವಿಷ್ಟನ್ನು ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಸೇರಿಸಿದರೆ ಬೆಲೆ ಏರುತ್ತದೆ ಎಂದು ಯಾವ ಕಂಪನಿಯೂ ವಾದಿಸಲಾರದು.

ಸಂಪರ್ಕದ ಜೊತೆಗೆ ‘ಉಚಿತ’ವಾಗಿ ಬರುವ ರೂಟರ್‌ಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಕೆಲವು ಬೇರೆ ಮನೆಯಲ್ಲಿ ದುಡಿದು ಹಿಂದಿರುಗಿದವು. ಅವುಗಳ ಒಳಗಿನ ಹೊಂದಿಕೆಗಳಿಗೆ ಕಂಪನಿ ಬೀಗ ಹಾಕಿರುವುದರಿಂದ ಮನೆಯವರು ಬಯಸಿದರೂ ಅಪ್‌ಡೇಟ್ ಮಾಡಿಕೊಳ್ಳಲಾಗುವುದಿಲ್ಲ. ಬೀಗದ ಕೈ ಯಾರಲ್ಲಿದೆಯೋ ಆ ಪೆಟ್ಟಿಗೆಯ ಭದ್ರತೆಯ ಹೊಣೆಯೂ ಅವರದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸ್ಪಷ್ಟವಾಗಿ ಹೇಳಬೇಕು. ಸಂಪರ್ಕ ಕೊಡುವ ದಿನ ಅದು ಎಷ್ಟು ಹಳೆಯದು, ಅದಕ್ಕೆ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂಬುದನ್ನು ರಸೀದಿಯಲ್ಲಿ ನಮೂದಿಸುವಂತೆ ಮಾಡಬೇಕು. ಅಲ್ಲಿಯವರೆಗೆ, ರೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆ ಎಂದು ಹೊಸದಕ್ಕೆ ದುಡ್ಡು ಸುರಿಯುವ ಮೊದಲು, ಅಷ್ಟೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್‌ನ, ಪಿನ್ನಿನ ಧ್ರುವವೂ (ಪ್ಲಸ್–ಮೈನಸ್) ಹೊಂದುವ ಬೇರೊಂದು ಅಡಾಪ್ಟರ್ ಹಾಕಿ ನೋಡುವಂತೆ ಓದುಗರಲ್ಲಿ ವಿನಂತಿಸುತ್ತೇನೆ. ಇದರಿಂದ ಸರಿಯಾದರೆ ಹಳೆಯ ಅಡಾಪ್ಟರನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಖಾತರಿ ಅವಧಿಯೊಳಗಿದ್ದೂ ಕಂಪನಿ ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ವಿಭಾಗದ ಒಬ್ಬ ನಿವೃತ್ತ ಉಪನ್ಯಾಸಕ,
ಕಲಬುರಗಿ