ನಾಲ್ಕು ಮೈದಾನದ ದುಡ್ಡು, ಒಂದೇ ಮೈದಾನದ ಆಟ

ಗೆ,
ವ್ಯವಸ್ಥಾಪಕರು,
ಪೇಂಟ್‌ಬಾಲ್ ಪಾರ್ಕ್,
ಬೆಂಗಳೂರು.

ವಿಷಯ: ‘ನಾಲ್ಕು ಥೀಮ್ ಮೈದಾನ’ ಪ್ಯಾಕೇಜ್‌ನಲ್ಲಿ ಹೇಳಿದ್ದು ಸಿಗದ ಕಾರಣ 8,400 ರೂಪಾಯಿ ವಾಪಸ್ ಕೇಳಿ.

ಮಾನ್ಯರೇ,

ಕಳೆದ ಭಾನುವಾರ ಮನೆಯವರು, ಆಫೀಸಿನ ಗೆಳೆಯರು ಸೇರಿ 14 ಮಂದಿ ನಿಮ್ಮ ಪಾರ್ಕಿಗೆ ಬಂದಿದ್ದೆವು. ತಲೆಗೆ 1,200ರಂತೆ 16,800 ರೂಪಾಯಿ ಮೊದಲೇ ಕಟ್ಟಿದ್ದೆವು. ಒಂದೇ ಮೈದಾನದ ಪ್ಯಾಕೇಜ್ ನಿಮ್ಮಲ್ಲಿ ತಲೆಗೆ 600ಕ್ಕೆ ಸಿಗುತ್ತದೆ. ಗನ್ನಿನಿಂದ ಎದುರಾಳಿಗೆ ಹೊಡೆಯುವ ಬಣ್ಣದ ಬಾಲ್‌ಗಳ ಲೆಕ್ಕ, ಮಾಸ್ಕ್, ಜಾಕೆಟ್, ಊಟ ಎರಡರಲ್ಲೂ ಒಂದೇ. ಅಂದರೆ ನಾವು ಜಾಸ್ತಿ ಕೊಟ್ಟ 600 ಬರೀ ಮೈದಾನಗಳಿಗೆ. ಕಾಡು, ಹಳ್ಳಿ, ಕೋಟೆ, ಸ್ಪೀಡ್‌ಬಾಲ್ ಎಂದು ನಿಮ್ಮ ಜಾಹೀರಾತಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಫೋಟೋ ಇದೆ. ನಾವು ಆಡಿದ್ದು ಕಾಡಿನಲ್ಲಿ ಮಾತ್ರ. ಅದೂ ಅದನ್ನು ಕಾಡು ಅನ್ನಬಹುದಾದರೆ. ಸಾಲಾಗಿ ನೆಟ್ಟ ಸಣ್ಣ ನೀಲಗಿರಿ ಮರಗಳು. ಮರದ ಹಿಂದೆ ನಿಂತರೆ ಎರಡು ಭುಜವೂ ಹೊರಗೇ ಕಾಣುತ್ತವೆ.

ಹಳ್ಳಿ ಮೈದಾನದ ಗೇಟಿಗೆ ಸರಪಳಿ ಹಾಕಿತ್ತು. ಒಳಗೆ ಇಣುಕಿದರೆ ಪ್ಲೈವುಡ್ ಮನೆಗಳ ತುಂಬಾ ಸಿಮೆಂಟ್ ಚೀಲ, ಮದುವೆ ಮನೆಯ ಕುರ್ಚಿಗಳು. ಕುರ್ಚಿ ಕಾಲಿನ ಸಂದಿಯಿಂದ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ‘ನಿನ್ನೆ ಮಳೆಗೆ ಕೆಸರಾಗಿದೆ ಸಾರ್, ಅದಕ್ಕೆ ಮುಚ್ಚಿದ್ದೇವೆ’ ಎಂದರು ನಿಮ್ಮ ಸಿಬ್ಬಂದಿ. ಒಂದು ರಾತ್ರಿಯ ಮಳೆಗೆ ಅಷ್ಟೆತ್ತರದ ಹುಲ್ಲು ಬರುತ್ತದಾ? ಸ್ಪೀಡ್‌ಬಾಲ್ ಅಂಗಳದಲ್ಲಿ ಮರೆಗೆ ನಿಲ್ಲಲು ಗಾಳಿ ತುಂಬಿ ಇಡುವ ಬಂಕರ್‌ಗಳೆಲ್ಲ ಮುದುಡಿ ಬಿದ್ದಿದ್ದವು, ಮೇಲೆ ಕಾಗೆಗಳ ಹಿಕ್ಕೆ. ಬ್ಲೋವರ್ ರಿಪೇರಿಗೆ ಹೋಗಿದೆಯಂತೆ.

ಕೋಟೆಯ ವಿಷಯಕ್ಕೆ ಬರುತ್ತೇನೆ. ಎರಡನೇ ಆಟಕ್ಕೆ ‘ಈಗ ಕೋಟೆ’ ಎಂದು ಹೇಳಿ ನಮ್ಮನ್ನು ಅದೇ ನೀಲಗಿರಿ ತೋಪಿಗೆ ಮತ್ತೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಒಂದು ತಗಡಿನ ಶೀಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಚಿತ್ರದುರ್ಗದ ಕೋಟೆಯ ಫೋಟೋ. ಮೂಲೆಯ ಹಗ್ಗ ಬಿಚ್ಚಿಹೋಗಿ ಕೋಟೆ ಗಾಳಿಗೆ ಪಟಪಟ ಅನ್ನುತ್ತಿತ್ತು. ‘ಓಬವ್ವನ ಕಿಂಡಿ ಎಲ್ಲಪ್ಪಾ?’ ಎಂದು ನಮ್ಮ ಭಾವ ಕೇಳಿದರು. ಎಲ್ಲರೂ ನಕ್ಕೆವು, ನಿಮ್ಮ ಹುಡುಗರೂ ನಕ್ಕರು.

ಆದರೆ ನಮ್ಮ ದೂರೆಲ್ಲ ಇರುವುದು ಆ ಪ್ರಶ್ನೆಯಲ್ಲೇ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಬೇಕಿದ್ದ ಕಿಂಡಿಯದು. ಅದಕ್ಕೇ ಒಬ್ಬ ಹೆಂಗಸು ಒನಕೆ ಹಿಡಿದು ಅವರನ್ನು ತಡೆದಳು. ಕೋಟೆ ಮೈದಾನದ ಆಟವೂ ಹೀಗೇ. ಒಳಗೆ ನಾಲ್ಕು ಜನ, ಹೊರಗೆ ಹತ್ತು ಜನ, ಬಾಗಿಲು ಕಿರಿದು. ಹೊರಗಿನವರಿಗೆ ಬಾಲ್ ತಗುಲಿ ‘ಸತ್ತರೂ’ ಆಟಕ್ಕೆ ವಾಪಸ್ ಬರುವ ಅವಕಾಶ, ಒಳಗಿನವರಿಗೆ ಇಲ್ಲ. ಹಳ್ಳಿಯಲ್ಲಾದರೆ ಮೂಲೆ ತಿರುಗಿದ ಕೂಡಲೇ ಎದುರಾಳಿ ಮುಖಕ್ಕೆ ಮುಖ. ಕಾಡಿನಲ್ಲಿ ತೆವಳುವುದು, ಕಾಯುವುದು ಜಾಸ್ತಿ, ಹೊಡೆಯುವುದು ಕಡಿಮೆ. ಸ್ಪೀಡ್‌ಬಾಲ್‌ನಲ್ಲಿ ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ ಥರ ಬಂಕರ್‌ಗಳಿರುತ್ತವೆ. ಜಾಗದ ನೆಪ ಹೇಳುವ ಹಾಗಿಲ್ಲ, ಆಟ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು ಎರಡೂ ಆಗುತ್ತವೆ ನಿಜ. ಆದರೆ ಕಾವಲಿಯಾದರೂ ಬದಲಾಗಬೇಕಲ್ವಾ? ನೀವು ಬದಲಾಯಿಸಿದ್ದು ಬರೀ ಬೋರ್ಡು.

ಮೂರನೇ ಆಟದಲ್ಲಿ ನಡೆದದ್ದು ನಗುವಂಥದ್ದಲ್ಲ. ‘ಹಳ್ಳಿ ಥರ ಮಾಡಿಕೊಡ್ತೀವಿ’ ಎಂದು ತೋಪಿನ ನಡುವೆ ನಾಲ್ಕೈದು ಪ್ಲೈವುಡ್ ಹಲಗೆ ತಂದು ನಿಲ್ಲಿಸಿದರು. ಅಲ್ಲಿಗೆ ಎರಡು ತಂಡದ ನಡುವಿನ ದೂರ ಒಂದು ಕೋಣೆಯಷ್ಟಾಯಿತು. ಹೊರಾಂಗಣ ಪೇಂಟ್‌ಬಾಲ್‌ನಲ್ಲಿ ಬಾಲ್‌ನ ವೇಗಕ್ಕೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ಸೆಕೆಂಡಿಗೆ 300 ಅಡಿ. ಹತ್ತಿರದಿಂದ ಆಡುವ ಮೈದಾನದಲ್ಲಿ ಅದನ್ನು ಇಳಿಸುತ್ತಾರೆ. ಹತ್ತಡಿಯೊಳಗೆ ಸಿಕ್ಕವರಿಗೆ ಹೊಡೆಯದೆ ‘ಸರೆಂಡರ್’ ಅನ್ನುವ ನಿಯಮವನ್ನೂ ಎಷ್ಟೋ ಕಡೆ ಇಡುತ್ತಾರೆ. ನೀವು ಗನ್ನುಗಳ ವೇಗ ಇಳಿಸಲಿಲ್ಲ, ನಿಯಮವನ್ನೂ ಹೇಳಲಿಲ್ಲ. ವೇಗ ಅಳೆಯುವ ಕ್ರೋನೋ ಎಲ್ಲಿ ಎಂದು ಕೇಳಿದ್ದಕ್ಕೆ ‘ಆಫೀಸಲ್ಲಿದೆ, ಬೀಗ ಹಾಕಿದೆ’ ಎಂಬ ಉತ್ತರ. ನನ್ನ ತಂಗಿಗೆ ಕೈಯಳತೆ ದೂರದಿಂದ ಮುಂಗೈಗೆ ಬಿದ್ದ ಏಟು ಗೋಲಿ ಗಾತ್ರಕ್ಕೆ ಊದಿ, ಸುತ್ತ ನೀಲಿಗಟ್ಟಿತು. ಅವಳು ಮತ್ತೆ ಆಡಲಿಲ್ಲ. ನಾವೂ ನಾಲ್ಕನೇ ಆಟ ಬಿಟ್ಟು ಹೊರಗೆ ಬಂದೆವು.

ಸುಮ್ನೆ ಎಲ್ಲದಕ್ಕೂ ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ. ಮೈದಾನದೊಳಗೆ ಮಾಸ್ಕ್ ತೆಗೆಯಲು ಆಟ ನೋಡಿಕೊಳ್ಳುವ ನಿಮ್ಮ ಮಾರ್ಷಲ್ ನಮ್ಮಲ್ಲಿ ಒಬ್ಬರಿಗೂ ಬಿಡಲಿಲ್ಲ. ಹೊರಗೆ ಬರುವಾಗ ಪ್ರತಿ ಗನ್ನಿನ ನಳಿಗೆಗೂ ಕವರ್ ಹಾಕಿಸಿದರು. ಅದು ಸರಿಯಾದ ಕೆಲಸ. ಬಟ್ಟೆಗೆ ಬಿದ್ದ ಬಣ್ಣವೂ ಒಂದೇ ಒಗೆತಕ್ಕೆ ಹೋಯಿತು. ಪಲಾವ್ ತಣ್ಣಗಿತ್ತು, ಅದನ್ನು ಬಿಡಿ.

ಕೌಂಟರಿನಲ್ಲಿ ಹಣ ಕೇಳಿದಾಗ ರಸೀದಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದರು: ‘ಮೈದಾನಗಳು ಲಭ್ಯತೆಗೆ ಒಳಪಟ್ಟಿವೆ’. ಅವತ್ತೇ ಏನೋ ಕೆಟ್ಟಿದ್ದರೆ ಆ ಮಾತು ಒಪ್ಪಬಹುದಿತ್ತು. ಹುಲ್ಲು ಬೆಳೆದ ಗೋದಾಮನ್ನು ಮೈದಾನ ಎಂದು ಬುಕಿಂಗ್ ತೆಗೆದುಕೊಂಡವರಿಗೆ ಅದು ಲಭ್ಯವಿಲ್ಲ ಎಂದು ಮೊದಲೇ ಗೊತ್ತಿತ್ತು. ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ಒಂದು ಫೋನ್ ಮಾಡಿದ್ದರೆ ನಾವು 600ರ ಪ್ಯಾಕೇಜ್ ತೆಗೆದುಕೊಂಡು ಖುಷಿಯಾಗೇ ಬರುತ್ತಿದ್ದೆವು.

ಹಾಗಾಗಿ ತಲೆಗೆ 600ರಂತೆ 14 ಮಂದಿಯ 8,400 ರೂಪಾಯಿಯನ್ನು, ಬುಕಿಂಗ್ ಮಾಡಿದ ಖಾತೆಗೇ 15 ದಿನದೊಳಗೆ ವಾಪಸ್ ಹಾಕಿ. ನಮಗೆ ಸಿಗದ ಮೂರು ಮೈದಾನಗಳ ಫೋಟೋಗಳನ್ನು ಅವು ತೆರೆಯುವ ತನಕ ಜಾಹೀರಾತಿನಿಂದ ತೆಗೆಯಿರಿ. ಕ್ರೋನೋವನ್ನು ಬೀಗ ಹಾಕಿದ ಆಫೀಸಿನಿಂದ ಮೈದಾನದ ಗೇಟಿಗೆ ತಂದಿಡಿ, ಆಟಕ್ಕೆ ಮುಂಚೆ ಪ್ರತಿ ಗನ್ನನ್ನೂ ಅಳೆಯಿರಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತೂ ದೂರಿಗೆ ಕಾರಣವೇ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ರಸೀದಿ, ನಿಮ್ಮ ಜಾಹೀರಾತಿನ ಪ್ರತಿ, ಸರಪಳಿ ಹಾಕಿದ ಗೇಟು ಮತ್ತು ಚಿತ್ರದುರ್ಗದ ಫ್ಲೆಕ್ಸಿನ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
14 ಮಂದಿಯ ಪರವಾಗಿ ಬುಕಿಂಗ್ ಮಾಡಿದ ಗ್ರಾಹಕ,
ವಿಜಯನಗರ, ಬೆಂಗಳೂರು.