ಮಳೆಯಿಲ್ಲದ ದಿನ ಹರಿಯುವ ಚರಂಡಿ ಯಾರದು?

ಮಾನ್ಯ ಸಂಪಾದಕರೇ,

ನಗರದ ನಡುವೆ ಹರಿಯುವ ನದಿ ನಾರತೊಡಗಿದಾಗಲೆಲ್ಲ ಹೊಸ ಶುದ್ಧೀಕರಣ ಘಟಕ ಬೇಕೆಂಬ ಕೂಗು ಏಳುತ್ತದೆ. ಘಟಕ ಬೇಕೇ ಬೇಕು. ಆದರೆ ಕೊಳಚೆ ನೀರು ಅಲ್ಲಿಯವರೆಗೆ ತಲುಪದೆ ದಾರಿಯಲ್ಲೇ ನದಿಗೆ ಇಳಿಯುತ್ತಿದ್ದರೆ, ಎಷ್ಟು ದೊಡ್ಡ ಘಟಕ ಕಟ್ಟಿದರೂ ಫಲವಿಲ್ಲ. ದಾರಿ ತಪ್ಪಿದ ಈ ನೀರನ್ನು ಹಿಡಿಯುವುದು ಯಾವುದೇ ಒಂದು ಇಲಾಖೆಯ ಕೈಯಲ್ಲಿ ಆಗುವ ಕೆಲಸವಲ್ಲ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ಮಳೆ ನಿಂತು ನಾಲ್ಕೈದು ದಿನ ಕಳೆದ ಮೇಲೆ ನದಿದಂಡೆಯ ಮಳೆನೀರು ಚರಂಡಿಯೊಂದರ ಬಾಯಿಯ ಬಳಿ ನಿಂತು ನೋಡಬೇಕು. ನ್ಯಾಯವಾಗಿ ಅದು ಒಣಗಿರಬೇಕು. ಅಲ್ಲಿ ಬೂದುಬಣ್ಣದ ಸಣ್ಣ ಧಾರೆಯೊಂದು ಹರಿಯುತ್ತಿದ್ದು, ಕಲ್ಲಿನ ಮೇಲೆ ಸೋಪಿನ ನೊರೆಯೂ ಲೋಳೆಯೂ ಕಟ್ಟಿದ್ದರೆ, ಮೇಲೆಲ್ಲೋ ಒಂದು ಕಟ್ಟಡದ ಶೌಚಾಲಯದ ಕೊಳವೆಯನ್ನು ಒಳಚರಂಡಿಯ ಬದಲು ಮಳೆನೀರು ಚರಂಡಿಗೆ ಜೋಡಿಸಿದ್ದಾರೆ, ಇಲ್ಲವೇ ಒಳಚರಂಡಿಯೇ ಒಡೆದು ಸೋರುತ್ತಿದೆ ಎಂದರ್ಥ. ಪತ್ತೆ ಹಚ್ಚುವ ವಿಧಾನ ಸರಳ: ಅನುಮಾನವಿರುವ ಕಟ್ಟಡದ ಶೌಚಾಲಯದಲ್ಲಿ ಅಪಾಯವಿಲ್ಲದ ಬಣ್ಣ ಸುರಿದು ನೀರು ಬಿಟ್ಟು, ಕೆಳಗಿನ ಮ್ಯಾನ್‌ಹೋಲುಗಳ ಮುಚ್ಚಳ ತೆಗೆದು ಬಣ್ಣ ಎಲ್ಲಿ ಕಾಣಿಸುತ್ತದೆಂದು ಕಾಯುವುದು. ಕಷ್ಟವಿರುವುದು ಅದರ ನಂತರ. ಕಟ್ಟಡ ಖಾಸಗಿಯವರದು, ಚರಂಡಿ ನಗರಾಡಳಿತದ್ದು, ಒಳಚರಂಡಿ ಮತ್ತೊಂದು ಸಂಸ್ಥೆಯದು, ದಂಡೆ ಇನ್ನೊಂದು ಇಲಾಖೆಯದು, ನೀರಿನ ಗುಣಮಟ್ಟ ಅಳೆಯುವವರು ಬೇರೆಯವರೇ. ತಂತಮ್ಮ ಕಡತದೊಳಗೆ ಎಲ್ಲರೂ ಸರಿಯಾಗಿಯೇ ಇರುತ್ತಾರೆ. ಧಾರೆ ಮಾತ್ರ ಹರಿಯುತ್ತಲೇ ಇರುತ್ತದೆ.

ಹಾಗೆಂದು ಇವರನ್ನೆಲ್ಲ ಒಂದೆಡೆ ಕೂರಿಸಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ ಎಂಬುದಕ್ಕೆ ಜರ್ಮನಿಯ ಎಮ್ಷರ್ ನದಿ ಸಾಕ್ಷಿ. ರೂರ್ ಕಲ್ಲಿದ್ದಲು ಸೀಮೆಯ ಊರುಗಳು, ಗಣಿಗಳು, ಕಾರ್ಖಾನೆಗಳು 1899ರಲ್ಲೇ ಒಂದುಗೂಡಿ ಎಮ್ಷರ್ ಸಹಕಾರ ಸಂಘವನ್ನು ಕಟ್ಟಿಕೊಂಡವು. ಗಣಿಗಾರಿಕೆಯಿಂದ ನೆಲ ಕುಸಿಯುತ್ತಿದ್ದ ಕಾರಣ ನೆಲದಡಿಯ ಕೊಳವೆಗಳು ಉಳಿಯುವಂತಿರಲಿಲ್ಲ. ಆದ್ದರಿಂದ ಈ ಸಂಘವೇ ನದಿಯನ್ನು ಕೊಳಚೆಯ ತೆರೆದ ಕಾಲುವೆಯನ್ನಾಗಿ ಮಾಡಿತು. ಸಹಕಾರಕ್ಕೇನೂ ಕೊರತೆಯಿರಲಿಲ್ಲ, ಒಪ್ಪಿಕೊಂಡ ಗುರಿ ಅದಾಗಿತ್ತು ಅಷ್ಟೇ! ಗಣಿಗಳು ಉತ್ತರಕ್ಕೆ ಸರಿದು ಕುಸಿತ ನಿಂತ ಮೇಲೆ, 1992ರಿಂದ ಅದೇ ಸಂಘ ನೆಲದಡಿ 400 ಕಿಲೋಮೀಟರಿಗೂ ಹೆಚ್ಚು ಕೊಳವೆ ಹಾಕಿಸಿ, 500 ಕೋಟಿ ಯೂರೋಗಿಂತ ಹೆಚ್ಚು ವೆಚ್ಚದಲ್ಲಿ, 2021ರ ಕೊನೆಗೆ ನದಿಯನ್ನು ಕೊಳಚೆಯಿಂದ ಬಿಡಿಸಿತು. ಸದಸ್ಯರು ತಾವು ಹೊರಿಸುವ ಮಾಲಿನ್ಯದ ಹೊರೆಗೆ ತಕ್ಕಂತೆ ವಂತಿಗೆ ಕಟ್ಟಬೇಕೆಂಬ ನಿಯಮ ಅದಕ್ಕಿರುವುದರಿಂದಲೇ ಇಷ್ಟು ದೀರ್ಘ ಕೆಲಸ ನಡುವೆ ನಿಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಮರ್ಸಿ ನದಿಯ ಅಭಿಯಾನವೂ 1985ರಲ್ಲಿ 25 ವರ್ಷದ ಅವಧಿ ಇಟ್ಟುಕೊಂಡೇ ಆರಂಭವಾಗಿತ್ತು. ಒಂದು ಚುನಾವಣೆಯಿಂದ ಮತ್ತೊಂದಕ್ಕೆ ಲೆಕ್ಕ ಹಾಕುವವರಿಗೆ ಈ ಅವಧಿ ರುಚಿಸದಿರಬಹುದು.

ಹಣದಷ್ಟೇ ಮುಖ್ಯವಾದದ್ದು ಎಲ್ಲರೂ ಒಪ್ಪುವ ಅಳತೆ. ಅಮೆರಿಕದ ಬಾಸ್ಟನ್ನಿನ ಚಾರ್ಲ್ಸ್ ನದಿಗೆ ಪರಿಸರ ಸಂರಕ್ಷಣಾ ಸಂಸ್ಥೆಯು 1995ರಲ್ಲಿ, ಶಾಲೆಯ ಅಂಕಪಟ್ಟಿಯ ಮಾದರಿಯಲ್ಲಿ, ‘ಡಿ’ ದರ್ಜೆ ಕೊಟ್ಟಿತು. ಸ್ವಯಂಸೇವಕರು ತಿಂಗಳಿಗೊಮ್ಮೆ ತುಂಬಿ ತರುವ ನೀರಿನ ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಎಷ್ಟೆಂದು ನೋಡಿ ಪ್ರತಿವರ್ಷ ದರ್ಜೆ ಪ್ರಕಟಿಸಲಾಯಿತು. ಚರಂಡಿಗಳಿಗೆ ಕೊಟ್ಟ ಅಕ್ರಮ ಸಂಪರ್ಕಗಳನ್ನು ಒಂದೊಂದಾಗಿ ಹುಡುಕಿ ಕತ್ತರಿಸಿದ ಮೇಲೆ ದರ್ಜೆ ‘ಬಿ’ ಮಟ್ಟಕ್ಕೆ ಏರಿತು. ಜನರೇ ತುಂಬಿ ತಂದ ಬಾಟಲಿಯ ಫಲಿತಾಂಶವನ್ನು ಅಲ್ಲಗಳೆಯುವುದು ಯಾವ ಅಧಿಕಾರಿಗೂ ಸುಲಭವಲ್ಲ.

ನದಿಗಾಗಿ ಸಮನ್ವಯ ಸಮಿತಿ ರಚಿಸುವವರಲ್ಲಿ ನನ್ನ ವಿನಂತಿ ಇಷ್ಟೆ. ಮೇಲ್ಹರಿವಿನ ಊರುಗಳಿಗೂ ದಂಡೆಯ ನಿವಾಸಿಗಳಿಗೂ ಸಮಿತಿಯಲ್ಲಿ ಮತದ ಹಕ್ಕು ಇರಲಿ. ನದಿಗೆ ಬೀಳುವ ಪ್ರತಿಯೊಂದು ಚರಂಡಿಯ ಬಾಯಿಗೂ ಸಂಖ್ಯೆ ಕೊಟ್ಟು, ಹೊಣೆ ಹೊತ್ತ ಕಚೇರಿಯ ಹೆಸರನ್ನು ಅಲ್ಲೇ ಬರೆಸಲಿ. ಮೊದಲ ಮಳೆ ರಸ್ತೆಯ ಎಣ್ಣೆ, ಟೈರಿನ ಪುಡಿಯನ್ನೆಲ್ಲ ತೊಳೆದು ತರುವುದರಿಂದ, ಒಣದಿನದ ಮಾದರಿಯ ಜೊತೆಗೆ ಮಳೆ ಬಂದ ದಿನದ ಮಾದರಿಯನ್ನೂ ಪರೀಕ್ಷಿಸಲಿ. ಆ ಅಂಕಿಗಳನ್ನು ಹವಾಮಾನ ವರದಿಯ ಪಕ್ಕದಲ್ಲಿ ತಿಂಗಳಿಗೊಮ್ಮೆ ಪ್ರಕಟಿಸಲು ತಾವು ಒಂದಿಷ್ಟು ಜಾಗ ಕೊಡುವಿರೆಂದು ನಂಬಿದ್ದೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ