ಬಿಡುಗಡೆ ಚೀಟಿಯಲ್ಲಿ ತೂಕವನ್ನೂ ಬರೆದುಕೊಡಿ

ಮಾನ್ಯ ಸಂಪಾದಕರೇ,

2025ರ ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯೆದುರು ಜನ ತಪಾಸಣೆಗೆ ಸಾಲುಗಟ್ಟಿದ್ದನ್ನು ಎಲ್ಲ ಪತ್ರಿಕೆಗಳೂ ಬರೆದವು. ಎದೆನೋವಿನ ಬಗ್ಗೆ ಎಚ್ಚರ ಮೂಡಿದ್ದು ಒಳ್ಳೆಯದೇ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯೂ ಬಂದಿದೆ. ಆದರೆ ಹಾಗೆ ಬದುಕುಳಿದವರಲ್ಲಿ ಅನೇಕರ ಹೃದಯದ ಸ್ನಾಯು ಮೊದಲಿನಂತೆ ಬಲವಾಗಿ ಹಿಂಡುವುದಿಲ್ಲ. ವರ್ಷಗಟ್ಟಲೆ ಬಿಪಿ ಹತೋಟಿಯಲ್ಲಿಲ್ಲದವರು, ಕವಾಟ ಕೆಟ್ಟವರು ಸಹ ಕೊನೆಗೆ ಇದೇ ಸ್ಥಿತಿಗೆ ಬರುತ್ತಾರೆ. ಇದಕ್ಕೆ ಹೃದಯ ವೈಫಲ್ಯ ಎನ್ನುತ್ತೇವೆ. ಮಂಗಳೂರು, ಉಡುಪಿಯ ಹೃದ್ರೋಗ ವಾರ್ಡುಗಳಲ್ಲಿ ಮತ್ತೆ ಮತ್ತೆ ದಾಖಲಾಗುವವರು ಇವರೇ. ಇವರ ಆರೈಕೆಯ ಬಗ್ಗೆ, ಅದರಲ್ಲೂ ಮನೆಗೆ ಕಳಿಸುವ ದಿನದ ಬಗ್ಗೆ, ಆ ವಾರ್ಡುಗಳ ಶುಶ್ರೂಷಾಧಿಕಾರಿಗಳಾದ (ನರ್ಸ್‌ಗಳಾದ) ನಮ್ಮ ಈ ಪತ್ರ.

ಈ ರೋಗಿಗಳು ಮರಳಿ ಬರಲು ಮುಖ್ಯ ಕಾರಣ ಮೈಯಲ್ಲಿ ನೀರು ನಿಲ್ಲುವುದು. ಹೃದಯ ಸರಿಯಾಗಿ ರಕ್ತ ತಳ್ಳದಿದ್ದಾಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದು ಮೊದಲು ಕಣ್ಣಿಗೆ ಕಾಣುವುದೇ ಇಲ್ಲ. ಎರಡು-ಮೂರು ಲೀಟರ್ ನೀರು ಸೇರಿದ ಮೇಲಷ್ಟೇ ಕಾಲಿನ ಊತ ಎದ್ದು ಕಾಣುತ್ತದೆ. ಅದಕ್ಕೆ ಮೊದಲೇ ಸುಳಿವು ಕೊಡುವುದು ತೂಕದ ಯಂತ್ರ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ನಾಲ್ಕು ದಿನದಲ್ಲಿ ಎರಡು ಕಿಲೋ ಕೊಬ್ಬು ಯಾರಿಗೂ ಸೇರುವುದಿಲ್ಲ, ನೀರು ಮಾತ್ರ ಸೇರಬಲ್ಲದು. ಹಾಗಾಗಿ ಮೂರು ದಿನದೊಳಗೆ ಎರಡು ಕಿಲೋ ಏರಿದರೆ, ಎಷ್ಟೇ ಆರಾಮ ಅನಿಸಿದರೂ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು.

ತೂಕ ನೋಡಲೂ ಒಂದು ಕ್ರಮ ಇದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮೊದಲು, ಪ್ರತಿದಿನ ಅದೇ ಬಗೆಯ ಹಗುರ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ. ಯಂತ್ರವನ್ನು ಚಾಪೆಯ ಮೇಲೋ ಕಾಲೊರೆಸಿನ ಮೇಲೋ ಇಟ್ಟರೆ ಲೆಕ್ಕ ತಪ್ಪುತ್ತದೆ, ಗಟ್ಟಿ ಸಮ ನೆಲವೇ ಬೇಕು. ಗೋಡೆ ಹಿಡಿದು ನಿಂತರೂ ತಪ್ಪುತ್ತದೆ. ಸಂಖ್ಯೆಯನ್ನು ಕೂಡಲೇ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಬೇಕು. ಹಿಂದಿನ ಹತ್ತು ದಿನದ ತೂಕ ಮುಂದಿದ್ದರೆ ಪರೀಕ್ಷಿಸುವ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಆದರೆ ಯಾವ ತೂಕಕ್ಕೆ ಹೋಲಿಸುವುದು? ಇಲ್ಲೇ ನಮ್ಮ ವ್ಯವಸ್ಥೆ ಕೈಕೊಡುವುದು. ಹೆಚ್ಚುವರಿ ನೀರೆಲ್ಲ ಇಳಿದ ಮೇಲೆ, ಮನೆಗೆ ಹೋಗುವ ದಿನ ಬೆಳಿಗ್ಗೆ ರೋಗಿ ಎಷ್ಟು ತೂಗುತ್ತಾರೋ ಅದೇ ಅವರ ಆಧಾರ ತೂಕ. ಬಿಡುಗಡೆ ಚೀಟಿಯಲ್ಲಿ (ಡಿಸ್ಚಾರ್ಜ್ ಸಮರಿಯಲ್ಲಿ) ಹೃದಯದ ಎಕೋ ಸ್ಕ್ಯಾನ್ ವರದಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಹತ್ತು ಮಾತ್ರೆಗಳ ಹೆಸರು ಎಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಈ ಒಂದು ಸಂಖ್ಯೆ ಮಾತ್ರ ಬಹಳಷ್ಟು ಚೀಟಿಗಳಲ್ಲಿ ಇರುವುದಿಲ್ಲ. ಅದಿಲ್ಲದೆ ಮನೆಯಲ್ಲಿ ತೂಕ ನೋಡಿ ಪ್ರಯೋಜನ ಕಡಿಮೆ.

ವಾರ್ಡಿನೊಳಗಿನ ಪರೀಕ್ಷೆಯ ಬಗ್ಗೆಯೂ ನೇರವಾಗಿ ಹೇಳಬೇಕು. ಹೃದ್ರೋಗಿಯ ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಷ್ಟೋ ಚಾರ್ಟುಗಳಲ್ಲಿ ಎಲ್ಲ ಹಾಸಿಗೆಗಳಿಗೂ 20 ಎಂದೇ ಬರೆದಿರುತ್ತದೆ. 20ರಿಂದ 26ಕ್ಕೆ ಏರಿದ್ದು ಹೆಚ್ಚಿನ ಸಲ ಆಮ್ಲಜನಕದ ಮಟ್ಟ ಇಳಿಯುವುದಕ್ಕಿಂತ ಮೊದಲೇ ತಿಳಿಯುತ್ತದೆ, ಎಣಿಸಿದರೆ ಮಾತ್ರ. ನಾಡಿಯ ವಿಷಯವೂ ಅಷ್ಟೆ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ಲಯ ತಪ್ಪಿ ಅಡ್ಡಾದಿಡ್ಡಿ ಬಡಿಯುವ ತೊಂದರೆ, ಇರುವವರಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವ ಬಡಿತವನ್ನು ನಂಬುವಂತಿಲ್ಲ. ಕೆಲವು ಬಡಿತ ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಸ್ಟೆತಾಸ್ಕೋಪನ್ನು ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕೊರಳೆಲುಬಿನ ಮಧ್ಯದಿಂದ ನೇರ ಕೆಳಗೆ ಇಟ್ಟು ಒಂದು ನಿಮಿಷ ಕೇಳಬೇಕು. ಹೃದಯ ಹಿಗ್ಗಿದವರಲ್ಲಿ ಆ ಜಾಗ ಇನ್ನೂ ಎಡಕ್ಕೆ ಸರಿದಿರುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರು ಮಣಿಕಟ್ಟಿನ ನಾಡಿ ಎಣಿಸಿದರೆ ಎರಡರ ನಡುವಿನ ಅಂತರ ಗೊತ್ತಾಗುತ್ತದೆ.

ಊತ ನೋಡುವಾಗ ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳನ್ನು ಐದು ಸೆಕೆಂಡ್ ಒತ್ತಿ ಹಿಡಿದು ಬಿಡಬೇಕು. ಗುಳಿ 2 ಮಿಲಿಮೀಟರ್ ಇದ್ದರೆ ಒಂದನೇ ದರ್ಜೆ, 8 ಮಿಲಿಮೀಟರ್ ಆದರೆ ನಾಲ್ಕನೆಯದು. ಎಲ್ಲಿಯವರೆಗೆ ಏರಿದೆ ಎಂದೂ ಬರೆಯಬೇಕು: ಹಿಮ್ಮಡಿಯೋ, ಮೊಣಕಾಲೋ, ತೊಡೆಯೋ. ಹಾಸಿಗೆ ಹಿಡಿದವರ ಕಾಲು ತೆಳ್ಳಗೇ ಇರಬಹುದು, ನೀರೆಲ್ಲ ಬೆನ್ನಿನ ಕೆಳಭಾಗಕ್ಕೆ ಇಳಿದಿರುತ್ತದೆ. ಪಕ್ಕಕ್ಕೆ ಹೊರಳಿಸಿ ಅಲ್ಲಿಯೂ ಒತ್ತಿ ನೋಡದಿದ್ದರೆ ‘ಊತ ಇಲ್ಲ’ ಎಂದು ಸುಳ್ಳು ಬರೆದಂತೆ. ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ಸಂಗತಿ ನೆನಪಿಡಬೇಕು. ಒಂದೇ ಕಾಲು ಊದಿದ್ದರೆ ಆನೆಕಾಲೋ ರಕ್ತನಾಳದ ಹೆಪ್ಪೋ ಎಂದು ಯೋಚಿಸಬೇಕು. ಇಡೀ ದಿನ ಕೂತು ಬೀಡಿ ಕಟ್ಟುವ ಹೆಂಗಸರು ಕಾಲಿನ ಬಾವನ್ನು ಕೂತು ಕೂತು ಬಂದದ್ದೆಂದು ತಳ್ಳಿಹಾಕುತ್ತಾರೆ. ಬರೇ ಕೂತದ್ದರಿಂದ ಬಂದ ಬಾವು ರಾತ್ರಿ ಮಲಗೆದ್ದರೆ ಸಾಮಾನ್ಯವಾಗಿ ಇಳಿಯುತ್ತದೆ. ಬೆಳಿಗ್ಗೆಯೂ ಉಳಿದರೆ, ಜೊತೆಗೆ ದಮ್ಮು ಇದ್ದರೆ, ಪರೀಕ್ಷೆ ಮಾಡಿಸಲೇಬೇಕು.

ಪ್ರಶ್ನೆ ಕೇಳುವ ಬಗೆಯೂ ಮುಖ್ಯ. ‘ಉಸಿರಾಟಕ್ಕೆ ತೊಂದರೆ ಇದೆಯಾ?’ ಎಂದರೆ ನಮ್ಮ ಹಿರಿಯರು ‘ಇಲ್ಲ’ ಎನ್ನುತ್ತಾರೆ. ಏಕೆಂದರೆ ದಮ್ಮು ಬರುವ ಕೆಲಸವನ್ನೆಲ್ಲ ಅವರು ಆಗಲೇ ಬಿಟ್ಟಿರುತ್ತಾರೆ. ತೋಟದಿಂದ ಮನೆಗೆ ಹತ್ತಿ ಬರುವಾಗ ನಡುವೆ ಎಷ್ಟು ಕಡೆ ನಿಲ್ಲುತ್ತೀರಿ? ಬಗ್ಗಿ ಕಾಲು ತೊಳೆಯುವಾಗ ಉಸಿರು ಸಿಕ್ಕಿಕೊಳ್ಳುತ್ತದೆಯೇ? ಹೋದ ತಿಂಗಳು ಎಷ್ಟು ದಿಂಬು, ಈಗ ಎಷ್ಟು? ರಾತ್ರಿ ಎದ್ದು ಕೂತುಕೊಂಡದ್ದುಂಟೇ? ಇಂಥ ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತದೆ. ತುಳು, ಬ್ಯಾರಿ, ಕೊಂಕಣಿ, ಕುಂದಾಪುರ ಕನ್ನಡ, ಯಾವುದು ಅವರ ಮನೆಮಾತೋ ಅದರಲ್ಲೇ ಕೇಳಿದರೆ ಇನ್ನೂ ಒಳ್ಳೆಯದು. ಕೇರಳದಿಂದ ಬಂದು ತುಳು ಕಲಿತು ರೋಗಿಗಳೊಡನೆ ಮಾತಾಡುವ ಕಿರಿಯ ಸಹೋದ್ಯೋಗಿಗಳ ಬಗ್ಗೆ ನಮಗೆ ನಿಜವಾಗಿ ಹೆಮ್ಮೆಯಿದೆ.

ಇನ್ನು ಊಟ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚದಷ್ಟು. ‘ಉಪ್ಪು ಕಡಿಮೆ ಮಾಡಿ’ ಎಂದು ಹೇಳಿ ಕಳಿಸಿದರೆ ಮನೆಯವರು ಸಾರಿಗೆ ಉಪ್ಪು ಕಡಿಮೆ ಹಾಕುತ್ತಾರೆ. ಆಮೇಲೆ ಸಪ್ಪೆಯಾಯಿತೆಂದು ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಬಡಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಹಸಿ ಮೀನು ದುಬಾರಿ, ಒಣ ಮೀನು, ಒಣ ಸಿಗಡಿ ಚಟ್ನಿ ತಟ್ಟೆಗೆ ಬರುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಭರಣಿಯ ಉಪ್ಪು ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ನೀರು ಮಾವಿನಕಾಯಿ, ಹಪ್ಪಳ. ಆದ್ದರಿಂದ ಆಹಾರದ ಸಲಹೆ ಈ ಹೆಸರುಗಳನ್ನು ಹಿಡಿದೇ ಹೇಳಬೇಕು. ರುಚಿಗೆ ಲಿಂಬೆ, ಪುನರ್ಪುಳಿ (ಕೋಕಂ), ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಇವೆ. ಉಪ್ಪು ಸೊಳೆಯನ್ನು ಬಿಡಲಾಗದಿದ್ದರೆ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಬೇರೆ ಉಪ್ಪು ಹಾಕದೆ ಬೇಯಿಸಬೇಕು. ಹಾಗೆ ಮಾಡಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ, ಅಪರೂಪಕ್ಕೆ ಮಾತ್ರ. ವೈದ್ಯರು ದಿನಕ್ಕೆ ಒಂದೂವರೆ ಲೀಟರ್ ನೀರು ಎಂದು ಮಿತಿ ಹಾಕಿದ್ದರೆ ಗಂಜಿಯ ತಿಳಿ, ಸಾರು, ಮಜ್ಜಿಗೆ, ಚಹಾ ಎಲ್ಲವೂ ಆ ಲೆಕ್ಕಕ್ಕೇ ಸೇರಬೇಕು. ಹೆಚ್ಚಿನವರು ಲೋಟದ ನೀರನ್ನು ಮಾತ್ರ ಎಣಿಸುತ್ತಾರೆ.

ಬೊಂಡದ (ಎಳನೀರಿನ) ವಿಷಯ ಪ್ರತ್ಯೇಕವಾಗಿ ಹೇಳಬೇಕು. ರೋಗಿಯನ್ನು ನೋಡಲು ಬರುವವರು ತರುವುದೇ ಬೊಂಡ. ಅದರಲ್ಲಿ ಪೊಟ್ಯಾಶಿಯಂ ತುಂಬಾ ಇರುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸಕುಬಿಟ್ರಿಲ್-ವಲ್ಸಾರ್ಟನ್ ಮಾತ್ರೆಗಳು ಪೊಟ್ಯಾಶಿಯಮ್ಮನ್ನು ಮೈಯಲ್ಲಿ ಉಳಿಸುತ್ತವೆ. ಮೂತ್ರಪಿಂಡವೂ ದುರ್ಬಲವಾಗಿದ್ದು, ದಿನಾ ಎರಡು ಬೊಂಡ ಕುಡಿದರೆ ರಕ್ತದಲ್ಲಿ ಪೊಟ್ಯಾಶಿಯಂ ಲೀಟರಿಗೆ 5.5 ಮಿಲಿಮೋಲ್ ದಾಟಿ ಹೃದಯದ ಲಯವೇ ತಪ್ಪಬಹುದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿಯೂ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಶಿಯಂ ಕ್ಲೋರೈಡ್. ವೈದ್ಯರನ್ನು ಕೇಳದೆ ಎರಡೂ ಬೇಡ.

ಮಾತ್ರೆಗಳಲ್ಲಿ ಮೂರು ಕಡೆ ಮುಗ್ಗರಿಸುವುದು ಹೆಚ್ಚು. ಮೊದಲನೆಯದು ಮೂತ್ರ ಹೋಗಿಸುವ ಮಾತ್ರೆ, ಫ್ರುಸೆಮೈಡ್ ಅಥವಾ ಟಾರ್ಸೆಮೈಡ್. ಕಾರ್ಕಳದಿಂದಲೋ ಪುತ್ತೂರಿನಿಂದಲೋ ಬಸ್ಸಿನಲ್ಲಿ ಬರುವ ದಿನ, ಮದುವೆಗೆ ಹೋಗುವ ದಿನ ಅದನ್ನು ನುಂಗುವುದಿಲ್ಲ, ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗುವುದಿಲ್ಲವಲ್ಲ. ಅದು ನ್ಯಾಯವಾದ ಕಷ್ಟವೇ, ಗದರಬಾರದು. ಫ್ರುಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು ಆರು ಗಂಟೆಯಲ್ಲಿ ಮುಗಿಸುತ್ತದೆ. ಹಾಗಾಗಿ ಆ ದಿನ ಮನೆಗೆ ಮರಳಿದ ಮೇಲೆ, ಸಂಜೆ ನಾಲ್ಕರೊಳಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರಿಂದ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಟ್ಟರೆ ಅವರು ಡೋಸ್ ಬಿಡುವುದಿಲ್ಲ. ಎರಡನೆಯದು ಡಿಗಾಕ್ಸಿನ್. ಚೀಟಿಯಲ್ಲಿ ‘5/7’ ಎಂದು ಬರೆದಿರುತ್ತಾರೆ, ವಾರದ 7 ದಿನಗಳಲ್ಲಿ 5 ದಿನ ಮಾತ್ರ ಎಂದು ಅರ್ಥ. ಯಾವ ಎರಡು ದಿನ ಬಿಡಬೇಕೆಂದು ವಾರದ ಹೆಸರು ಹಿಡಿದು ಹೇಳದಿದ್ದರೆ ಏಳೂ ದಿನ ನುಂಗುತ್ತಾರೆ. ಈ ಮದ್ದು ಸ್ವಲ್ಪ ಹೆಚ್ಚಾದರೂ ವಿಷವೇ: ಊಟ ಸೇರದು, ವಾಕರಿಕೆ, ಕಣ್ಣಿಗೆ ಹಳದಿ ಹಳದಿ, ನಾಡಿ ನಿಧಾನ. ಮೂತ್ರದ ಮಾತ್ರೆಯಿಂದ ಪೊಟ್ಯಾಶಿಯಂ ಇಳಿದವರಿಗೆ ಅಪಾಯ ಮತ್ತೂ ಬೇಗ. ವಾರ್ಡಿನಲ್ಲಿ ಇದನ್ನು ಕೊಡುವ ಮೊದಲು ಹೃದಯ ಬಡಿತ ಒಂದು ನಿಮಿಷ ಎಣಿಸಿ, 60ಕ್ಕಿಂತ ಕಡಿಮೆಯಿದ್ದರೆ ತಡೆಹಿಡಿದು ವೈದ್ಯರಿಗೆ ತಿಳಿಸುವುದು ನಮ್ಮ ಕೆಲಸ. ಮೂರನೆಯದು ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಇವು ಉಪ್ಪು, ನೀರನ್ನು ಹಿಡಿದಿಡುತ್ತವೆ, ಮೂತ್ರದ ಮಾತ್ರೆಯ ಕೆಲಸವನ್ನೇ ಕೆಡಿಸುತ್ತವೆ. ‘ಬೇರೆ ಏನಾದರೂ ಮಾತ್ರೆ?’ ಎಂದು ಕೇಳಿದರೆ ನೋವಿನ ಮಾತ್ರೆ ಯಾರಿಗೂ ನೆನಪಾಗುವುದಿಲ್ಲ. ಚೀಲ ಬಿಚ್ಚಿ ತೋರಿಸಿ ಎನ್ನಬೇಕು.

ರಾತ್ರಿ ಹಠಾತ್ತನೆ ಉಸಿರು ಕಟ್ಟಿ, ನೊರೆಗಫ ಬಂದರೆ ರೋಗಿಯನ್ನು ಮಲಗಿಸಲೇಬಾರದು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ನೇರ ಕೂರಿಸಿ, ಬೆನ್ನಿಗೆ ಒತ್ತು ಕೊಟ್ಟು, 108ಕ್ಕೆ ಕರೆಮಾಡಿ. ನೀರು ಕುಡಿಸಬೇಡಿ. ಗಾಡಿಯಲ್ಲಿಯೂ ಕೂರಿಸಿಯೇ ಕರೆತನ್ನಿ.

ಇಷ್ಟನ್ನೆಲ್ಲ ಬಿಡುಗಡೆಯ ದಿನ, ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ, ಬಾಗಿಲಲ್ಲಿ ನಿಂತು ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಹಿಂದಿನ ದಿನವೇ ಅರ್ಧ ಗಂಟೆ ಕೂತು, ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆಸಿ ಹೇಳಬೇಕು. ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಬೇಕು. ಆ ಅರ್ಧ ಗಂಟೆಗೆ ಒಬ್ಬ ಶುಶ್ರೂಷಾಧಿಕಾರಿಯನ್ನು ಬೇರೆ ಕೆಲಸದಿಂದ ಬಿಡಿಸಿ ಕೊಡುವುದು ಆಸ್ಪತ್ರೆಗಳ ಆಡಳಿತದ ಹೊಣೆ. ಪಾಳಿಯಲ್ಲಿ ಇಬ್ಬರೇ ಇದ್ದು, ಮೂವತ್ತು ಹಾಸಿಗೆ ನೋಡುವವರಿಂದ ಇದನ್ನು ನಿರೀಕ್ಷಿಸುವುದು ಸರಿಯಲ್ಲ. ಬಿಡುಗಡೆಯಾದ ಮೂರು ದಿನದೊಳಗೆ ಒಂದು ಫೋನ್, ಏಳರಿಂದ ಹದಿನಾಲ್ಕು ದಿನದೊಳಗೆ ಒಂದು ಮರುಭೇಟಿ ಆಗಬೇಕೆಂದು ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆ. ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂಬ ರೂಢಿ ಈ ರೋಗಿಗಳಿಗೆ ಹೊಂದುವುದಿಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿಯೂ, ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಸರಕಾರಿ, ಖಾಸಗಿ ಆಸ್ಪತ್ರೆಗಳಲ್ಲಿಯೂ ನಮ್ಮ ಕೋರಿಕೆ ಇಷ್ಟು. ಬಿಡುಗಡೆ ಚೀಟಿಯ ಮೇಲ್ಭಾಗದಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರಲಿ: ಈ ದಿನದ ತೂಕ ಇಷ್ಟು ಕಿಲೋ, ಇಷ್ಟು ದಾಟಿದರೆ ಫೋನ್ ಮಾಡಿ, ಫೋನ್ ಸಂಖ್ಯೆ ಇದು, ಮರುಭೇಟಿಯ ದಿನಾಂಕ ಇದು. ಆ ಚೀಟಿಯ ಒಂದು ನಕಲು ರೋಗಿಯ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ತಲುಪಲಿ. ಮೂವತ್ತು ದಾಟಿದವರ ಬಿಪಿ, ಶುಗರ್ ಅವರು ಹೇಗೂ ನೋಡುತ್ತಿದ್ದಾರೆ, ಆ ಪುಸ್ತಕದಲ್ಲೇ ಹೃದಯ ವೈಫಲ್ಯದವರ ತೂಕಕ್ಕೂ ಒಂದು ಕಾಲಂ ಸೇರಿಸಬಹುದು. ತೂಕದ ಯಂತ್ರ ಕೊಳ್ಳಲಾಗದ ಮನೆಯವರು ಹತ್ತಿರದ ಅಂಗನವಾಡಿಯಲ್ಲಿ ಗರ್ಭಿಣಿಯರ ತೂಕ ನೋಡುವ ಯಂತ್ರವನ್ನು ವಾರಕ್ಕೆ ಎರಡು ಬೆಳಿಗ್ಗೆ ಬಳಸಲು ಗ್ರಾಮ ಪಂಚಾಯಿತಿಗಳು ಅನುವು ಮಾಡಿಕೊಡಲಿ. ದಿನಾ ನೋಡಿದಷ್ಟು ಒಳ್ಳೆಯದಲ್ಲ, ಆದರೂ ಏನೂ ನೋಡದಿರುವುದಕ್ಕಿಂತ ಎಷ್ಟೋ ಮೇಲು.

ಇತಿ,
ಹೃದ್ರೋಗ ವಾರ್ಡುಗಳ ಕೆಲವು ಶುಶ್ರೂಷಾಧಿಕಾರಿಗಳು
ಮಂಗಳೂರು